ಕೆಂಬೈಲಿನ ಕಪ್ಪು ಮಣ್ಣು

ಗುತ್ಯಮ್ಮ ನನ್ನನ್ನು ಮೊದಲ ಸಲ ಕರೆದದ್ದೇ ಮಣ್ಣುಗಳ್ಳ ಎಂದು. ಅದೂ ನಾನು ತಟ್ಟೆ ಮುಂದಿಟ್ಟುಕೊಂಡು ಊಟಕ್ಕೆ ಕೂತಿದ್ದಾಗ. ತೀರ್ಥಹಳ್ಳಿ ಸೀಮೆಯ ಗೌಡರ ಮನೆಯಲ್ಲಿ ಹುಟ್ಟಿದ ವಾಸಪ್ಪ ನಾನು. ಕದಿಯುವುದೇ ಆಗಿದ್ದರೆ ಮಣ್ಣನ್ನೇ ಯಾಕೆ ಕದಿಯಲಿ ಎಂದು ಮೈಯೆಲ್ಲ ಉರಿದುಹೋಯಿತು. ಆದರೆ ಆಕೆಯ ಮಾತಿನಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ. ನನ್ನ ಬೆನ್ನ ಹಿಂದೆ ಸಾಲಾಗಿ ಇಟ್ಟಿದ್ದ ನಲವತ್ತೊಂದು ಬಾಟಲಿಗಳಲ್ಲಿ ಇದ್ದದ್ದು ಮಣ್ಣೇ, ಅದರಲ್ಲಿ ಒಂದು ಚಿಟಿಕೆಯೂ ನಮ್ಮಪ್ಪನ ಮನೆಯದಲ್ಲ.

ಇದು ಅರವತ್ತೇಳನೇ ಇಸವಿಯ ಬೇಸಿಗೆಯ ಮಾತು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿ ಮೂರು ವರ್ಷವಾಗಿತ್ತು. ಸಾಗರ, ಹೊಸನಗರ ಎರಡೂ ತಾಲ್ಲೂಕಿನ ಎಷ್ಟೋ ಊರುಗಳು ಮುಳುಗಿ, ಬೆಟ್ಟಗಳ ನಡುವೆ ಒಂದು ಸಮುದ್ರವೇ ಬಂದು ಕೂತ ಹಾಗಾಗಿತ್ತು. ಆ ಸಮುದ್ರದ ತಳದಲ್ಲಿ ಏನು ನಡೆಯುತ್ತಿದೆ, ಮುಳುಗಿದ ಗದ್ದೆ ಕಾಡುಗಳ ಕೆಸರಿನಲ್ಲಿ ಕಬ್ಬಿಣವೆಷ್ಟು, ಗಂಧಕವೆಷ್ಟು, ಕೊಳೆತ ಎಲೆಯೆಷ್ಟು ಎಂದು ಪರೀಕ್ಷೆ ಮಾಡಲು ಒಂದು ಸಣ್ಣ ತಂಡ ಬಂದಿತ್ತು. ತಂಡ ಎಂದರೆ ಏನು ಮಹಾ, ರಸಾಯನ ಶಾಸ್ತ್ರ ಓದಿದ್ದ ಮುಕುಂದಯ್ಯನವರು, ಅವರ ಕೈಕೆಳಗಿನ ನಾನು, ದೋಣಿ ನಡೆಸುವ ಹುಲಿಯಪ್ಪ. ಹೊಸನಗರದ ಕಡೆಯ ದಡದಲ್ಲಿ ಎರಡು ಡೇರೆ ಹಾಕಿದ್ದೆವು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಮಣ್ಣು. ದೊಡ್ಡ ಡೇರೆ ಮಣ್ಣಿನದು.

ನಮ್ಮ ಕೆಲಸ ಕೇಳಿದರೆ ನೀವು ನಗುತ್ತೀರಿ. ಕಬ್ಬಿಣದ ಎರಡು ಚಿಪ್ಪು ಜೋಡಿಸಿದ ಒಂದು ಸಾಧನವಿತ್ತು. ಬಾಯಿ ತೆರೆದು ಹಗ್ಗದಲ್ಲಿ ಕೆಳಗೆ ಬಿಟ್ಟರೆ, ತಳ ಮುಟ್ಟಿದ ಕೂಡಲೇ ಲಟಕ್ಕನೆ ಬಾಯಿ ಮುಚ್ಚಿಕೊಂಡು ಒಂದು ಸೇರು ಕೆಸರು ಕಚ್ಚಿಕೊಳ್ಳುತ್ತಿತ್ತು. ಹುಲಿಯಪ್ಪ ಅದಕ್ಕೆ ಮೊಸಳೆ ಎಂದು ಹೆಸರಿಟ್ಟಿದ್ದ. ಮೊಸಳೆಯನ್ನು ಮೇಲೆ ಎಳೆಯುವ ಭಾಗ್ಯ ನನ್ನದು. ಮೇಲೆ ಬಂದದ್ದು ಎಲ್ಲಿ ನೋಡಿದರೂ ಒಂದೇ, ಕಾಡಿಗೆಯಂಥ ಕಪ್ಪು ಕೆಸರು, ಕೊಳೆತ ಮೊಟ್ಟೆಯ ನಾತ. ಅದನ್ನು ಬಾಟಲಿಗೆ ಕತ್ತಿನವರೆಗೆ ತುಂಬಿ, ಮೇಲೆ ಗಾಳಿ ಉಳಿಯದ ಹಾಗೆ ಬಿರಡೆ ಒತ್ತಬೇಕು. ಒಂದು ಬೆರಳು ಜಾಗ ಬಿಟ್ಟರೂ ಮುಕುಂದಯ್ಯನವರ ಮುಖ ಗಂಟಾಗುತ್ತಿತ್ತು. ಎರಡು ತಿಂಗಳಾದ ಮೇಲೆ ನನ್ನ ಅನ್ನಕ್ಕೂ ಅದೇ ನಾತ ಬರತೊಡಗಿತ್ತು.

ಇಂಥ ಹೊತ್ತಿನಲ್ಲಿ ಬಂದವಳು ಗುತ್ಯಮ್ಮ. ನಲವತ್ತೈದರ ಸುಮಾರಿನ ಹೆಂಗಸು, ಕಡ್ಡಿಯಂಥ ಮೈ, ಧೂಳು ತುಂಬಿದ ಕಾಲು. ಆನಂದಪುರದಿಂದ ಹೊರಟು ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸಿ, ಕೊನೆಯ ನಾಲ್ಕು ಮೈಲಿ ನಡೆದು ಬಂದಿದ್ದಳು. ಹುಲಿಯಪ್ಪನೂ ಆಕೆಯೂ ಒಂದೇ ಊರಿನವರು, ಆ ಊರು ಕೆಂಬೈಲು ಈಗ ನೀರಡಿ. ಕೆಳಗಿನ ಮಣ್ಣು ತೆಗೆಯುವವರು ಬಂದಿದ್ದಾರೆ ಎಂದು ಆಕೆಗೆ ಸುದ್ದಿ ಮುಟ್ಟಿಸಿದವನು ಅವನೇ. ಮಣ್ಣುಗಳ್ಳ ಎಂದು ಬೈದು ಮುಗಿಸಿದ ಮೇಲೆ ಆಕೆ ಅಲ್ಲೇ ನೆಲದ ಮೇಲೆ ಕೂತಳು. ಕದ್ದದ್ದು ಕದ್ದಾಯಿತಲ್ಲ, ತನಗೂ ಒಂದು ಕೊಡ ಬೇಕು ಎಂದಳು.

ಆಕೆ ಯಾರು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಕೆ ದೀವರ ಜಾತಿಯವಳು, ಆ ಜನರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿಗೆರೆಯ ಚಿತ್ತಾರ. ಅದರ ಕೆಳಗೆ ಹೆಣ್ಣುಗಂಡನ್ನು ಕೂರಿಸುವುದು. ಹಸೆ ಇಲ್ಲದಿದ್ದರೆ ಅವರಿಗೆ ಅದು ಮದುವೆಯೇ ಅಲ್ಲ. ಆ ಗೆರೆ ಎಳೆಯುವುದರಲ್ಲಿ ಗುತ್ಯಮ್ಮನದು ಎತ್ತಿದ ಕೈ. ಪುಂಡಿ ನಾರಿನ ಕುಂಚ ಹಿಡಿದರೆ ಅಳತೆಯ ದಾರ ಬೇಡ, ಅಳಿಸಿ ಬರೆಯುವ ಮಾತಿಲ್ಲ. ಅಕ್ಷರ ಕಲಿತವಳಲ್ಲ, ಆದರೆ ಗೋಡೆಯ ಮೇಲೆ ಆಕೆ ಎಳೆದ ಗೆರೆ ಒಂದು ಕೂದಲಿನಷ್ಟೂ ಓರೆಯಾದದ್ದನ್ನು ನಾನು ಕಾಣೆ. ಹದಿಮೂರನೇ ವಯಸ್ಸಿಗೆ ಶುರುಮಾಡಿ, ಸಾಯುವ ಹಿಂದಿನ ವರ್ಷದವರೆಗೂ ಬರೆದಳು. ಎಷ್ಟು ಗೋಡೆ ಬರೆದಿದ್ದೀಯಾ ಎಂದು ಒಮ್ಮೆ ಕೇಳಿದ್ದಕ್ಕೆ, ನೀನು ಎಷ್ಟು ತುತ್ತು ಉಂಡಿದ್ದೀಯಾ ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದ್ದಳು.

ಈಗ ಮದುವೆ ಆಕೆಯ ಮನೆಯದೇ ಆಗಿತ್ತು. ಮಗಳು ಪುಷ್ಪಮ್ಮನ ಮದುವೆಗೆ ಉಳಿದದ್ದು ಮೂರೇ ದಿನ. ಆಕೆಯ ಮನೆತನದಲ್ಲಿ ಒಂದು ಕಟ್ಟುಪಾಡಿತ್ತು. ಹಸೆಗೆ ಬಳಿಯುವ ಕೆಮ್ಮಣ್ಣು ಹೆಣ್ಣಿನ ಸ್ವಂತ ನೆಲದ್ದೇ ಆಗಬೇಕು. ಆಗ ಮಾತ್ರ ಹೆಣ್ಣು ತನ್ನ ಮನೆಯಿಂದ ಹೊರಟು ಗಂಡನ ಮನೆಗೆ ಹೋದ ಹಾಗೆ. ಇಲ್ಲವಾದರೆ ದಾರಿಯಿಂದ ಎತ್ತಿಕೊಟ್ಟ ಹಾಗೆ. ಅವರ ಕೆಮ್ಮಣ್ಣಿನ ಗುಂಡಿ ಕೆಂಬೈಲಿನ ಮನೆಯ ಹಿಂದೆ ಇತ್ತು. ಆನಂದಪುರದ ಹತ್ತಿರ ಸರ್ಕಾರ ಕೊಟ್ಟ ಜಾಗದ ಮಣ್ಣು ಬೂದಿಯ ಬಣ್ಣದ್ದು. ಗಂಡ ಭೂತಪ್ಪ, ಪಾಪದ ಮನುಷ್ಯ, ಮಣ್ಣು ಎಲ್ಲಿಯದಾದರೇನು ಮಣ್ಣೇ ತಾನೇ ಎಂದಿದ್ದನಂತೆ. ಆ ಮೇಲೆ ಎರಡು ದಿನ ಅವನನ್ನು ಮನೆಯಲ್ಲಿ ಯಾರೂ ಮಾತಾಡಿಸಲಿಲ್ಲ.

ಊರು ಬಿಡುವಾಗಲೇ ತುಂಬಿಕೊಂಡು ಬರಬಾರದಿತ್ತೇ ಎಂದು ನಾನು ಕೇಳಿದೆ. ತಂದಿದ್ದಳಂತೆ, ಎರಡು ಹೆಡಿಗೆ. ಆದರೆ ಕೆಂಬೈಲಿನ ಬೇರೆ ನಾಲ್ಕು ಹೆಣ್ಣುಮಕ್ಕಳ ಮದುವೆ ಮೊದಲು ಬಂತು, ಕೇಳಿದವರಿಗೆಲ್ಲ ಕೊಟ್ಟು ಖಾಲಿಯಾಯಿತು. ಕೊಡುವಾಗ ಆಕೆಗೆ ಚಿಂತೆ ಇರಲಿಲ್ಲ. ಹೊಳೆ ಎಂದ ಮೇಲೆ ಬೇಸಿಗೆಗೆ ಇಳಿಯುತ್ತದೆ, ಇಳಿದಾಗ ಹೋಗಿ ತಂದರಾಯಿತು ಎಂದು ಲೆಕ್ಕ ಹಾಕಿದ್ದಳು. ಹುಟ್ಟಿದಾಗಿನಿಂದ ಶರಾವತಿಯ ದಡದಲ್ಲಿ ಬೆಳೆದವರೆಲ್ಲ ಹಾಗೇ ಎಣಿಸಿದ್ದರು. ಮೂರು ಬೇಸಿಗೆ ಕಳೆಯಿತು. ನೀರು ಇಳಿಯಿತು ನಿಜ, ಕೆಂಬೈಲಿನವರೆಗೆ ಇಳಿಯಲಿಲ್ಲ.

ಮುಕುಂದಯ್ಯನವರು ಇದನ್ನೆಲ್ಲ ಕೇಳಿ ಎದ್ದು ನಿಂತರು. ನಾನು ಆಕೆಯನ್ನು ಸಾಗಹಾಕುತ್ತಾರೆ ಎಂದುಕೊಂಡರೆ, ಅವರಿಗೆ ಹಬ್ಬವಾಗಿತ್ತು. ಮುಳುಗುವ ಮುಂಚೆ ಇಂಥ ಜಾಗದಲ್ಲಿ ಇಂಥದೇ ಮಣ್ಣಿತ್ತು ಎಂದು ಕೈಯಿಟ್ಟು ತೋರಿಸುವವರು ಅವರಿಗೆ ಇಲ್ಲಿಯವರೆಗೆ ಸಿಕ್ಕಿರಲಿಲ್ಲ. ಗುಂಡಿ ತೋರಿಸಿದರೆ ಒಂದು ಕೊಡವಲ್ಲ, ಎರಡು ಕೊಡ ತೆಗೆದುಕೊಡುತ್ತೇನೆ ಎಂದರು. ಎಳೆಯುವವನು ನಾನಲ್ಲವೇ, ಅವರಿಗೇನು.

ಮಾರನೆಯ ಬೆಳಿಗ್ಗೆ ನಾಲ್ಕೂ ಜನ ದೋಣಿಯಲ್ಲಿ ಹೊರಟೆವು. ಸುತ್ತ ಎಲ್ಲಿ ನೋಡಿದರೂ ನೀರು, ಅಲ್ಲಲ್ಲಿ ಸತ್ತ ಮರಗಳ ಬೋಳು ತುದಿ. ನನಗೆ ಒಂದು ಕಡೆಗೂ ಇನ್ನೊಂದು ಕಡೆಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಗುತ್ಯಮ್ಮ ಮಾತ್ರ ಎದುರಿನ ಎರಡು ಗುಡ್ಡಗಳ ಸಂದು ನೋಡಿಕೊಂಡು, ಎಡಕ್ಕೆ, ಇನ್ನೂ ಎಡಕ್ಕೆ ಎಂದು ಹುಲಿಯಪ್ಪನಿಗೆ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆಕೆಯ ಮಾತಿನ ರೀತಿಯೇ ಬದಲಾಯಿತು. ಈಗ ಮಾಸ್ತಪ್ಪನ ಗದ್ದೆ, ಈಗ ತೋಟದ ಸುತ್ತಿನ ಅಗಳು, ಇದು ನಮ್ಮ ಕಣ, ಹುಲಿಯಪ್ಪ ಇದು ನಿನ್ನ ಕೊಟ್ಟಿಗೆ ಎಂದು ಹೇಳುತ್ತಾ ಹೋದಳು. ನೀರಿನ ಮೇಲೆ ಹೋಗುತ್ತಿದ್ದೇವೆ ಎಂಬುದನ್ನೇ ಮರೆತು, ಓಣಿಯಲ್ಲಿ ನಡೆಯುವವಳ ಹಾಗೆ ಆ ಕಡೆ ಈ ಕಡೆ ನೋಡುತ್ತಿದ್ದಳು. ಒಂದು ಕಡೆ ಬಂದಾಗ ಹುಟ್ಟು ನಿಲ್ಲಿಸಲು ಹೇಳಿ, ಕಾಲು ಮೇಲೆ ಮಡಚಿಕೊಂಡು ಕೈ ಮುಗಿದಳು. ಕೆಳಗೆ ಅವರ ಊರು ಕಾಯುವ ಭೂತನ ಕಲ್ಲಿತ್ತು. ಹುಲಿಯಪ್ಪನೂ ಕಾಲು ಮಡಚಿದ. ನಾನೂ ಮಡಚಿದೆ. ಏನನ್ನೂ ನಂಬದ ಮುಕುಂದಯ್ಯನವರು ಬೂಟಿನ ಕಾಲನ್ನು ಎಲ್ಲಿಡಲಿ ಎಂದು ತಿಳಿಯದೆ ಹಾಗೇ ಎತ್ತಿ ಹಿಡಿದುಕೊಂಡು ಕೂತಿದ್ದರು. ನನಗೆ ಆಗ ಮೊದಲ ಬಾರಿ ಹೊಳೆಯಿತು. ಎರಡು ತಿಂಗಳಿಂದ ನಾನು ಜನರ ಮನೆಗಳ ಮೇಲೆ ಓಡಾಡುತ್ತಿದ್ದೆ.

ಗುಂಡಿಯ ಜಾಗಕ್ಕೆ ಬಂದು ಮೊಸಳೆಯನ್ನು ಬಿಟ್ಟೆವು. ನಲವತ್ತು ಅಡಿ ಹಗ್ಗ ಹೋಯಿತು. ಎಳೆದು ತೆರೆದರೆ ಅದೇ ಕಪ್ಪು ಕೆಸರು, ಅದೇ ನಾತ. ಗುತ್ಯಮ್ಮನ ಮುಖ ಇಳಿಯಿತು. ಜಾಗ ತಪ್ಪಿತು ಎಂದು ದೋಣಿಯನ್ನು ಹತ್ತು ಮಾರು ಮುಂದೆ ಒಯ್ಯಿಸಿದಳು. ಅಲ್ಲೂ ಕಪ್ಪೇ. ಮತ್ತೆ ಹಿಂದೆ ಬಂದು ಮೂರನೇ ಸಲ. ಆಗ ಆಕೆ ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಕಣ್ಣು ಮುಚ್ಚಿ, ಮತ್ತೆ ತಿಕ್ಕಿದಳು. ಅವರ ಗುಂಡಿಯ ಮಣ್ಣಿನಲ್ಲಿ ಸಾಸಿವೆಯಷ್ಟು ಸಣ್ಣ ದುಂಡನೆಯ ಹರಳು ಇರುತ್ತಿತ್ತಂತೆ, ಬೇರೆ ಯಾರ ಗುಂಡಿಯಲ್ಲೂ ಇಲ್ಲದ್ದು. ಅದು ಬೆರಳಿಗೆ ಸಿಕ್ಕಿತ್ತು.

"ಕೈಗೆ ಹೌದು ಸ್ವಾಮಿ, ಕಣ್ಣಿಗೆ ಅಲ್ಲ. ನಮ್ ಮಣ್ಣಿಗೆ ಎಂತ ಆಗಿದೆ?" ಎಂದಳು.

ಮುಕುಂದಯ್ಯನವರು ದೋಣಿಯಲ್ಲೇ ಗಾಜಿನ ಕೊಳವೆ ತೆಗೆದು, ಚೂರು ಕೆಸರು ಹಾಕಿ, ಆಮ್ಲ ಸುರಿದು ಅಲುಗಾಡಿಸಿ, ಕೊನೆಗೆ ಒಂದು ಹನಿ ಔಷಧ ಬಿಟ್ಟರು. ಕೊಳವೆಯ ನೀರು ರಕ್ತದ ಹಾಗೆ ಕೆಂಪಾಯಿತು. ಇದು ಕಬ್ಬಿಣ, ಬೇರೆಲ್ಲ ಕಡೆಗಿಂತ ಇಲ್ಲಿ ದುಪ್ಪಟ್ಟಿದೆ ಎಂದರು. ಗುತ್ಯಮ್ಮ ನೋಡಿದಳು, ಒಪ್ಪಲಿಲ್ಲ. ಅದು ನಿಮ್ಮ ಔಷಧದ ಬಣ್ಣ, ನಮ್ಮ ಮಣ್ಣಿನದಲ್ಲ ಎಂದಳು. ಬೇರೆ ದೊಡ್ಡ ಮನುಷ್ಯರಾಗಿದ್ದರೆ ಗದರುತ್ತಿದ್ದರು. ಇವರು ದೋಣಿಯ ಅಡ್ಡಹಲಗೆಯ ಮೇಲೆ ಆಕೆಯ ಎದುರು ಕೂತು, ಮಗುವಿಗೆ ಹೇಳುವ ಹಾಗೆ ಹೇಳಿದರು. ಕೆಮ್ಮಣ್ಣಿನ ಕೆಂಪು ಎಂದರೆ ಗಾಳಿ ಕುಡಿದ ಕಬ್ಬಿಣ. ನೀರು ನಿಂತ ಮೇಲೆ ಕೆಳಗೆ ಎಲೆ, ಹುಲ್ಲು, ಭತ್ತದ ಬೇರು ಎಲ್ಲ ಕೊಳೆತವು. ಕೊಳೆಯುವಾಗ ಅಲ್ಲಿದ್ದ ಗಾಳಿಯನ್ನೆಲ್ಲ ತಿಂದವು, ಸಾಲದ್ದಕ್ಕೆ ಕಬ್ಬಿಣ ಕುಡಿದಿಟ್ಟದ್ದನ್ನೂ ಕಿತ್ತುಕೊಂಡವು. ಬರಿದಾದ ಕಬ್ಬಿಣಕ್ಕೆ ಗಂಧಕ ಬಂದು ಅಂಟಿತು, ಮಣ್ಣು ಕಪ್ಪಾಯಿತು. ಕಬ್ಬಿಣ ಎಲ್ಲಿಗೂ ಹೋಗಿಲ್ಲ, ಅಲ್ಲೇ ಕೂತಿದೆ ಎಂದರು. ಹೇಳುತ್ತಾ ಹೇಳುತ್ತಾ ಅವರಿಗೇ ಆಶ್ಚರ್ಯವಾಗುತ್ತಿದ್ದ ಹಾಗೆ ಕಂಡಿತು. ಇಷ್ಟು ದೊಡ್ಡ ನೀರಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ ಇಷ್ಟೆಲ್ಲ ನಡೆಯುತ್ತಿದೆಯಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಗುತ್ಯಮ್ಮ ಎಲ್ಲ ಕೇಳಿ ಒಂದೇ ಮಾತು ಕೇಳಿದಳು. ಇದು ನನ್ನ ಮಣ್ಣು ಹೌದೋ ಅಲ್ಲವೋ?

"ನಿಮ್ಮದೇ ಅಮ್ಮ. ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ," ಎಂದರು ಮುಕುಂದಯ್ಯನವರು.

ಹಾಗಿದ್ದರೆ ಕಪ್ಪಾದರೂ ಸರಿ ಎಂದು ಆಕೆ ತೀರ್ಮಾನ ಮಾಡಿದಳು. ನಾನು ಹನ್ನೊಂದು ಸಲ ಮೊಸಳೆ ಎಳೆದು ಕೊಡ ತುಂಬಿಸಿದೆ. ಮೇಲೆ ನೀರು ನಿಲ್ಲಿಸಿ, ಬಾಳೆ ಎಲೆ ಮುಚ್ಚಿ ಬಾಯಿ ಕಟ್ಟಿದಳು. ದಡಕ್ಕೆ ಬಂದು ಬಸ್ಸಿನ ದಾರಿಗೆ ಹೊರಡುವಾಗ ಮುಕುಂದಯ್ಯನವರು ಕೊಡವನ್ನು ನನ್ನ ಹೆಗಲಿಗೆ ಹೊರಿಸಿ, ಗಾಳಿಗೆ ಈ ಬಣ್ಣ ನಿಲ್ಲುವುದಿಲ್ಲ ಎಂಬುದನ್ನು ಆಕೆಗೆ ಮರೆಯದೆ ಹೇಳು ವಾಸಪ್ಪ ಎಂದರು. ಹೇಳುವವನೇ ಇದ್ದೆ. ಆದರೆ ನಾಲ್ಕು ಮೈಲಿಯೂ ಆಕೆ ನನ್ನ ಬೆನ್ನ ಹಿಂದೆ ಬರುತ್ತಾ, ಅಲುಗಾಡಿಸಬೇಡ, ಚೆಲ್ಲಬೇಡ, ಮಣ್ಣುಗಳ್ಳನ ಹೆಗಲು ನೆಟ್ಟಗಿಲ್ಲ ಎಂದು ಒಂದೇ ಸಮನೆ ವಟಗುಟ್ಟಿದಳು. ನನ್ನ ಬೆನ್ನಿನ ಮೇಲೆ ಗಬ್ಬು ನೀರು ಇಳಿಯುತ್ತಿತ್ತು. ಬಸ್ಸು ಬಂತು, ಕೊಡ ಏರಿಸಿದೆ, ತಿರುಗಿ ನೋಡದೆ ಬಂದೆ. ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಿಟ್ಟಿಗೆ ಹೇಳಲಿಲ್ಲ.

ಮದುವೆಗೆ ನಮಗೂ ಹೇಳಿಕೆ ಇತ್ತು. ಮುಕುಂದಯ್ಯನವರಿಗೆ ಕೆಲಸವಿದ್ದದ್ದರಿಂದ ನಾನೂ ಹುಲಿಯಪ್ಪನೂ ಹೋದೆವು. ಆನಂದಪುರದ ಆಚೆಯ ಆ ಹೊಸ ಮನೆಯ ಚಪ್ಪರದಲ್ಲಿ ಕಾಲಿಟ್ಟಾಗಲೇ ಏನೋ ಸರಿಯಿಲ್ಲ ಎಂದು ತಿಳಿಯಿತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಭೂತಪ್ಪ ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದ. ಗುತ್ಯಮ್ಮ ನಿನ್ನೆ ಮಧ್ಯಾಹ್ನ ಕಪ್ಪು ಮಣ್ಣನ್ನು ಗೋಡೆಗೆ ದಪ್ಪಗೆ ಬಳಿದು, ಹೊತ್ತಿಲ್ಲವೆಂದು ಹಸಿ ಇರುವಾಗಲೇ ಬಿಳಿಗೆರೆ ಎಳೆದು ಮುಗಿಸಿದ್ದಳು. ನಾತಕ್ಕೆ ಮನೆ ತುಂಬ ಲೋಬಾನದ ಹೊಗೆ ಹಾಕಿದ್ದರು. ಕೊನೆಯ ಗೆರೆ ಎಳೆದ ಕೂಡಲೇ ಅವರ ಪದ್ಧತಿಯಂತೆ ಗೋಡೆಗೆ ಸೀರೆ ಮುಚ್ಚಿದ್ದಳು. ಅದನ್ನು ಮತ್ತೆ ಸರಿಸುವ ಹಕ್ಕು ಗಂಡಿನ ಕಡೆಯ ಹಿರಿಯ ಹೆಂಗಸಿಗೆ ಮಾತ್ರ. ಅಷ್ಟರಲ್ಲಿ ಕಪ್ಪು ಗೋಡೆಯ ಸುದ್ದಿ ಯಾರ ಬಾಯಿಂದಲೋ ವರದಮೂಲದ ಗಂಡಿನ ಮನೆಗೆ ಮುಟ್ಟಿತ್ತು. ಗಂಡಿನ ಸೋದರತ್ತೆ ಶೇಷಮ್ಮ ಹೇಳಿಕಳಿಸಿದ್ದಳು. ಮಸಿ ಬಳಿದ ಗೋಡೆಯ ಮುಂದೆ ತಮ್ಮ ಹುಡುಗನನ್ನು ಕೂರಿಸುವುದಿಲ್ಲ, ತಾನೇ ಬಂದು ಸೀರೆ ಸರಿಸಿ ನೋಡುತ್ತೇನೆ, ಕಪ್ಪಾಗಿದ್ದರೆ ಅಲ್ಲಿಂದಲೇ ಹಿಂದಿರುಗುತ್ತೇವೆ ಎಂದು.

ಬೇರೆ ಕೆಮ್ಮಣ್ಣು ಬಳಿದುಬಿಡು ಎಂದು ನೆಂಟರೆಲ್ಲ ಗುತ್ಯಮ್ಮನಿಗೆ ಹೇಳಿ ಸೋತಿದ್ದರು. ಕಪ್ಪೋ ಹಸಿರೋ, ಅದು ನನ್ನ ನೆಲದ್ದು, ಬೇರೆಯವರ ಮಣ್ಣಿನ ಮುಂದೆ ಮಗಳನ್ನು ಕೂರಿಸಿ ಕಳಿಸುವುದಿಲ್ಲ ಎಂದು ಆಕೆ ಜಪ್ಪಯ್ಯ ಎಂದರೂ ಜಗ್ಗಿರಲಿಲ್ಲ. ಪುಷ್ಪಮ್ಮ ಒಳಗಿನ ಕೋಣೆಯಲ್ಲಿ ಮದುವೆಯ ಸೀರೆ ಉಟ್ಟು, ಅತ್ತು ಊದಿದ ಮುಖದಲ್ಲಿ ಕೂತಿದ್ದಳು. ಆ ಮುಖ ನೋಡಿದಾಗಲೇ ನನಗೆ ನಾನು ನುಂಗಿಕೊಂಡ ಮಾತು ನೆನಪಾದದ್ದು. ಗಾಳಿಗೆ ಬಣ್ಣ ನಿಲ್ಲುವುದಿಲ್ಲ. ನಿಲ್ಲದೆ ಏನಾಗುತ್ತದೆ? ಹಳದಿಯೋ, ಬಿಳಿಚೋ, ಗೋಡೆಯಿಂದ ಹಪ್ಪಳದ ಹಾಗೆ ಎದ್ದು ಬೀಳುತ್ತದೋ? ದೋಣಿಯಲ್ಲಿ ಅಷ್ಟೆಲ್ಲ ಕೇಳಿಸಿಕೊಂಡಿದ್ದರೂ ನನ್ನ ಮಂಡೆಗೆ ಏನೂ ಹೊಳೆಯಲಿಲ್ಲ.

ನೇರ ಗುತ್ಯಮ್ಮನ ಹತ್ತಿರ ಹೋಗಿ ಇದ್ದದ್ದನ್ನು ಹೇಳಿದೆ. ಸಾಹೇಬರು ಹೇಳು ಎಂದಿದ್ದರು, ನಾನು ಸಿಟ್ಟಿನಲ್ಲಿ ಹೇಳಲಿಲ್ಲ, ಒಳಗೆ ಬಣ್ಣ ಏನಾಗಿದೆಯೋ ಗೊತ್ತಿಲ್ಲ, ತಪ್ಪಾಯಿತು ಎಂದೆ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ಆ ಸೀರೆಯ ಕಡೆ ನೋಡಿದಳು. ಒಂದು ಅಂಚು ಎತ್ತಿದ್ದರೆ ಕಾಣುತ್ತಿತ್ತು. ಕೈ ಅಷ್ಟು ದೂರ ಹೋಯಿತು ಕೂಡ. ಆದರೆ ಎತ್ತಲಿಲ್ಲ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಡೊಳ್ಳು ವಾದ್ಯದ ಸದ್ದು ಹತ್ತಿರವಾಯಿತು. ದಿಬ್ಬಣ ಬಂತು. ಕಾಲು ತೊಳೆದುಕೊಂಡು ಮೊದಲು ಒಳಗೆ ಬಂದವಳು ಶೇಷಮ್ಮ, ಗಟ್ಟಿಮುಟ್ಟಾದ ಎತ್ತರದ ಹೆಂಗಸು. ಬೆಲ್ಲ ನೀರು ಕೊಟ್ಟರೆ ಮುಟ್ಟಲಿಲ್ಲ. ನೇರ ಗೋಡೆಯ ಹತ್ತಿರ ಹೋಗಿ ಸೀರೆಯ ಅಂಚು ಹಿಡಿದು ಎಳೆದಳು.

ಗೋಡೆ ಕೆಂಪಾಗಿತ್ತು.

ಇದನ್ನು ಹೇಗೆ ಹೇಳಬೇಕು ಎಂದು ನನಗೆ ಇವತ್ತಿಗೂ ತಿಳಿಯದು. ನಾನೇ ಎಳೆದು, ನಾನೇ ಹೆಗಲ ಮೇಲೆ ಹೊತ್ತ ಆ ಕಾಡಿಗೆಯಂಥ ಕೆಸರು ಅಲ್ಲಿರಲಿಲ್ಲ. ಬೇಸಿಗೆಯಲ್ಲಿ ನಮ್ಮ ಮಲೆನಾಡಿನ ಗುಡ್ಡದ ದರೆ ಕಡಿದಾಗ ಕಾಣುತ್ತದಲ್ಲ, ಅಂಥ ಕೆಂಪು. ಅದರ ಮೇಲೆ ಗುತ್ಯಮ್ಮನ ಬಿಳಿಗೆರೆ ಒಂದೂ ಮಾಸದೆ ನಿಂತಿತ್ತು. ನಾತ ಎಲ್ಲೋ ಹೋಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ ಬರುತ್ತಿತ್ತು. ನಲವತ್ತು ಅಡಿ ನೀರಿನ ಅಡಿಯಲ್ಲಿ ಮೂರು ವರ್ಷ ಉಸಿರು ಕಟ್ಟಿ ಕೂತಿದ್ದ ಕಬ್ಬಿಣಕ್ಕೆ ಒಂದು ರಾತ್ರಿಯ ಗಾಳಿ ಸಾಕಾಗಿತ್ತು. ಯಾರೂ ನೋಡುತ್ತಿಲ್ಲದಾಗ, ಹಳೆಯ ಸೀರೆಯ ಹಿಂದೆ, ಅದು ತನ್ನಷ್ಟಕ್ಕೆ ತಾನು ಮತ್ತೆ ಕೆಂಪಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಯಾರು ಇದನ್ನು ಕಪ್ಪು ಎಂದದ್ದು ಎಂದು ಶೇಷಮ್ಮ ತಿರುಗಿ ತನ್ನ ಕಡೆಯವರನ್ನೇ ಗದರಿದಳು. ಆ ಮೇಲೆ ಗೆರೆಗಳನ್ನು ಒಂದೊಂದಾಗಿ ನೋಡಿ, ಬೆಲ್ಲ ನೀರು ಎಲ್ಲಿ ಎಂದು ಕೇಳಿದಳು. ಚಪ್ಪರದಲ್ಲಿ ಮಾತು ಶುರುವಾಯಿತು. ಕೆಂಬೈಲಿನಿಂದ ಎದ್ದು ಬಂದಿದ್ದ ಏಳೆಂಟು ಮನೆಯವರು ಮಾತ್ರ ಗೋಡೆಯ ಕಡೆ ನಡೆದರು. ಹುಲಿಯಪ್ಪ ಮೊದಲು ಹೋಗಿ ಗೋಡೆಯ ಬುಡ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅವನ ಹಿಂದೆ ಒಬ್ಬೊಬ್ಬರೇ ಹೋದರು.

ಗುತ್ಯಮ್ಮ ಇದ್ದಲ್ಲಿಂದ ಕದಲಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಬೆಚ್ಚಿದ್ದವಳು ಆಕೆಯೇ, ಕಪ್ಪು ಗೋಡೆಯ ಮುಂದೆ ಜಗಳಕ್ಕೆ ಸಿದ್ಧಳಾಗಿ ನಿಂತವಳು. ಪುಷ್ಪಮ್ಮನನ್ನು ಹೊರಗೆ ಕರೆತಂದಾಗ ಆ ಹುಡುಗಿ ಗೋಡೆ ನೋಡಿ, ಬಾಗಿಲಲ್ಲೇ ನಿಂತುಬಿಟ್ಟಳು. ಆಗ ಗುತ್ಯಮ್ಮ ಹೋಗಿ ಮಗಳ ಕೈ ಹಿಡಿದು ಗೋಡೆಯ ಕೆಳಗಿನ ಮಣೆಯವರೆಗೆ ನಡೆಸಿಕೊಂಡು ಬಂದಳು. ಆಕೆ ಅಳುತ್ತಿದ್ದಳು, ಒರೆಸಿಕೊಳ್ಳುವ ಗೊಡವೆಗೇ ಹೋಗಲಿಲ್ಲ.

"ಕೂತ್ಕ ಮಗಾ," ಎಂದಳು. "ನೀನು ಕೆಂಬೈಲಿಂದ್ಲೇ ಹೋಗ್ತಿದ್ದೀಯ."

ಪುಷ್ಪಮ್ಮ ಕೂತಳು.